ತೂಕ ಇಳಿದ ಮೇಲೆ ದೊಗಳೆಯಾದ ಬಟ್ಟೆಗಳನ್ನು ಏನು ಮಾಡುವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ಹದಿನೈದು ಕಿಲೋ ಇಳಿದ ಮೇಲೆ ಬೀರುವಿನ ಮುಕ್ಕಾಲು ಭಾಗ ಮೈಮೇಲೆ ನೇತಾಡುತ್ತದೆ. ಎಲ್ಲವನ್ನೂ ಟೈಲರ್ ಹತ್ತಿರ ಹೊತ್ತೊಯ್ದರೆ ದುಡ್ಡು ದಂಡ, ಎಲ್ಲವನ್ನೂ ಕೊಟ್ಟುಬಿಟ್ಟರೆ ಆಮೇಲೆ ಹೊಟ್ಟೆ ಉರಿಯುತ್ತದೆ. ಯಾವುದನ್ನು ಹಿಡಿಸಬೇಕು (ಹೊಲಿಗೆ ಒಳಗೆ ಸರಿಸಿ ಸಣ್ಣ ಮಾಡಿಸಬೇಕು), ಯಾವುದನ್ನು ಬಿಡಬೇಕು ಎಂಬುದಕ್ಕೆ ಇಲ್ಲಿ ಉತ್ತರಗಳಿವೆ.

ತೂಕ ಇನ್ನೂ ಇಳಿಯುತ್ತಲೇ ಇದೆ. ಈಗಲೇ ಆಲ್ಟರ್ ಮಾಡಿಸಬಹುದೇ?

ಕಾಯಿರಿ. ತೂಕ ಒಂದೆರಡು ಕಿಲೋ ಹಿಂದೆ ಮುಂದೆ ಆಗುತ್ತಾ ಮೂರು ತಿಂಗಳು ಒಂದೇ ಕಡೆ ನಿಲ್ಲಲಿ. ಅಲ್ಲಿಯವರೆಗೆ ರೇಷ್ಮೆ ಬ್ಲೌಸ್, ಸೂಟು, ಒಳ್ಳೆಯ ಪ್ಯಾಂಟುಗಳಿಗೆ ಕತ್ತರಿ ಮುಟ್ಟಿಸಬೇಡಿ. ತೂಕ ಇಳಿಸಲು ಹೊಟ್ಟೆಗೆ ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಆದವರಿಗೆ ಸಾಮಾನ್ಯವಾಗಿ 12ರಿಂದ 18 ತಿಂಗಳವರೆಗೂ ತೂಕ ಇಳಿಯುತ್ತಿರುತ್ತದೆ. ಎದೆಹಾಲು ಕೊಡುತ್ತಿರುವ ತಾಯಂದಿರ ಎದೆಯ ಅಳತೆ ಹಾಲು ಬಿಡಿಸುವವರೆಗೆ ನಿಲ್ಲುವುದಿಲ್ಲ, ಸೊಂಟ ಮೊದಲೇ ಇಳಿದಿದ್ದರೂ ಬ್ಲೌಸಿಗೆ ಆತುರ ಬೇಡ.

ನಡುವಿನ ಈ ದಿನಗಳಿಗೆ ಮೂರ್ನಾಲ್ಕು ಜೊತೆ ಬಟ್ಟೆ ಸಾಕು. ಲಾಡಿ ಅಥವಾ ಎಲಾಸ್ಟಿಕ್ ಇರುವ ಪ್ಯಾಂಟು, ಒಂದು ಸೈಜು ಚಿಕ್ಕದಾದ ಎರಡು ಮೇಲಂಗಿ. ಇದ್ದುದನ್ನೇ ಹಿಡಿಸಲೇಬೇಕೆಂದರೆ ಮಷೀನಿನ ಹೊಲಿಗೆಯನ್ನು 4 ಮಿಲಿಮೀಟರ್ ಉದ್ದಕ್ಕಿಟ್ಟು ಒಂದೇ ಸಾಲು ಹೊಡೆಸಿ, ಒಳಗಿನ ಬಟ್ಟೆ ಕತ್ತರಿಸಬೇಡಿ. ಉದ್ದ ಹೊಲಿಗೆಯನ್ನು ಬಿಚ್ಚುವುದು ಐದು ನಿಮಿಷದ ಕೆಲಸ.

ಏನೂ ಮಾಡದೆಯೇ ಬಟ್ಟೆ ದೊಗಳೆಯಾಗಿದೆ. ಒಳ್ಳೆಯದೇ ಅಲ್ಲವೇ?

ಅಲ್ಲದಿರಬಹುದು. ಊಟ, ನಡಿಗೆ ಯಾವುದೂ ಬದಲಾಗದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದ ಶೇ. 5ರಷ್ಟು ತಾನಾಗಿಯೇ ಇಳಿದರೆ ಮೊದಲು ವೈದ್ಯರನ್ನು ನೋಡಿ. 70 ಕಿಲೋ ಇದ್ದವರಿಗೆ ಅದು ಮೂರೂವರೆ ಕಿಲೋ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ ಇವೆಲ್ಲ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಬೆಲ್ಟಿನ ತೂತಿನಲ್ಲೇ. ಟೈಲರ್ ಆಮೇಲೆ.

ಯಾವುದು ಉಳಿಯುತ್ತದೆ, ಯಾವುದು ಇಲ್ಲ ಎಂದು ಹೇಗೆ ತಿಳಿಯುವುದು?

ಭುಜ ನೋಡಿ. ಸೊಂಟ, ಪಕ್ಕ, ತೋಳಿನ ಸುತ್ತು, ಉದ್ದ ಇವೆಲ್ಲ ಟೈಲರ್ ಕೈಯಲ್ಲಿವೆ. ಭುಜ ಮಾತ್ರ ಬಟ್ಟೆ ಕತ್ತರಿಸಿದ ದಿನವೇ ತೀರ್ಮಾನವಾಗಿ ಹೋಗಿರುತ್ತದೆ. ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತು, ತೋಳು ಸೇರುವ ಹೊಲಿಗೆ ಎಲ್ಲಿ ಬಿದ್ದಿದೆ ನೋಡಿ. ಭುಜದ ಮೂಳೆಯ ತುದಿಯ ಮೇಲಿದ್ದರೆ ಅಥವಾ ಅರ್ಧ ಇಂಚು ಆಚೆಗಿದ್ದರೆ ಆ ಬಟ್ಟೆ ಉಳಿಯುತ್ತದೆ. ಮುಕ್ಕಾಲು ಇಂಚಾದರೆ ಬಟ್ಟೆಯ ಬೆಲೆ ನೋಡಿ ಯೋಚಿಸಿ. ಒಂದು ಇಂಚು ದಾಟಿ ತೋಳಿನ ಮೇಲೆ ಇಳಿದಿದ್ದರೆ ಬಿಟ್ಟುಬಿಡಿ. ತೋಳು ಪೂರ್ತಿ ಬಿಚ್ಚಿ, ಭುಜ ಕತ್ತರಿಸಿ, ಕಂಕುಳ ಗುಂಡು (ತೋಳು ಸೇರುವ ಗುಂಡನೆಯ ಭಾಗ) ಮತ್ತೆ ತೆಗೆದು ಕೂರಿಸುವುದೆಂದರೆ ಹೊಸ ಅಂಗಿ ಹೊಲಿದಷ್ಟೇ ಕೆಲಸ. ಅಷ್ಟಾದ ಮೇಲೂ ಜೇಬು ಕಂಕುಳ ಹತ್ತಿರ ಸರಿದಿರುತ್ತದೆ.

ಎರಡನೆಯದು ಸೈಜಿನ ಲೆಕ್ಕ. ಒಂದು ಸೈಜು ಎಂದರೆ ಎದೆಯಲ್ಲಿ ಎರಡು ಇಂಚು. ಒಂದು ಸೈಜು ಇಳಿದರೆ ಧೈರ್ಯವಾಗಿ ಹಿಡಿಸಿ, ಎರಡಾದರೆ ಆರಿಸಿ ಹಿಡಿಸಿ, ಮೂರಾದರೆ ಬಟ್ಟೆ ಪೂರ್ತಿ ಬಿಚ್ಚಿ ಹೊಸದಾಗಿ ಕತ್ತರಿಸುವಷ್ಟು ಬೆಲೆಯದ್ದಾಗಿರಬೇಕು. ಮೂರನೆಯದು ದುಡ್ಡು. ಕೂಲಿ ಹೊಸದರ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ಹೊಸದೇ ವಾಸಿ.

ಮನೆಯಲ್ಲೇ ಅಳತೆ ನೋಡುವುದು ಹೇಗೆ?

ಬಟ್ಟೆ ತೊಟ್ಟು ಎದೆಯ ಪಕ್ಕದಲ್ಲಿ ಬೆರಳಿನಿಂದ ಹಿಡಿದು ನೋಡಿ. ಹಿಡಿದ ಮಡಿಕೆ ಒಂದು ಇಂಚು ಇದ್ದರೆ ಅದರಲ್ಲಿ ಎರಡು ಪದರ ಬಟ್ಟೆ ಇದೆ, ಅಂದರೆ ಸುತ್ತಳತೆಯಲ್ಲಿ ಎರಡು ಇಂಚು. ಎರಡೂ ಪಕ್ಕ ಸೇರಿ ನಾಲ್ಕು. ಈ ಲೆಕ್ಕ ತಪ್ಪಿದ್ದರಿಂದಲೇ ಬಹಳ ಬಟ್ಟೆಗಳು ಹಾಳಾಗುತ್ತವೆ. ಸುತ್ತಳತೆಯಲ್ಲಿ ಎರಡು ಇಂಚು ಕಡಿಮೆ ಮಾಡಬೇಕೆಂದರೆ ಪ್ರತಿ ಪಕ್ಕದಲ್ಲಿ ಹೊಲಿಗೆ ಒಳಗೆ ಸರಿಯಬೇಕಾದ್ದು ಅರ್ಧ ಇಂಚು ಮಾತ್ರ. "ಎರಡು ಇಂಚು ಹಿಡಿಯಿರಿ" ಎಂದಷ್ಟೇ ಹೇಳಿ ಬಂದರೆ ಟೈಲರ್ ಪಕ್ಕಕ್ಕೆ ಎರಡು ಇಂಚು ಹಿಡಿದು ಎಂಟು ಇಂಚು ನುಂಗಿಬಿಡಬಹುದು. "ರೌಂಡಲ್ಲಿ ಎರಡು ಇಂಚು" ಎಂದು ಹೇಳಿ.

ಅಲ್ಲದೆ ಎಲ್ಲ ಸಡಿಲವೂ ಕಳೆಯಬೇಕಾದ ಸಡಿಲವಲ್ಲ. ಬ್ಲೌಸಿಗೆ ಮೈಯಳತೆಗಿಂತ ಒಂದು ಇಂಚು ಹೆಚ್ಚಿದ್ದರೆ ಸಾಕು. ಕುರ್ತಾಗೆ ಮೂರ್ನಾಲ್ಕು, ಶರ್ಟಿಗೆ ನಾಲ್ಕರಿಂದ ಆರು ಇಂಚು ಇರಲೇಬೇಕು, ಇಲ್ಲದಿದ್ದರೆ ಕೂತಾಗ ಗುಂಡಿಯ ನಡುವೆ ಬಾಯಿ ಬಿಡುತ್ತದೆ. ತೆಳ್ಳಗಾದ ಖುಷಿಯಲ್ಲಿ ಎಲ್ಲವನ್ನೂ ಮೈಗೆ ಅಂಟಿಸಿಕೊಂಡು ಆರು ತಿಂಗಳಲ್ಲಿ ಬಿಚ್ಚಿಸಲು ಬರುವವರು ಕಡಿಮೆಯಿಲ್ಲ.

ಬ್ಲೌಸ್‌ಗಳದ್ದೇ ದೊಡ್ಡ ರಾಶಿ. ಅವನ್ನು ಹೇಗೆ ಹಿಡಿಸುವುದು?

ಹೊಲಿಸಿದ ಬ್ಲೌಸ್ ಆಗಿದ್ದರೆ ಒಳಗೆ ಪಕ್ಕಕ್ಕೆ ಒಂದು, ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾರೆ, ಅದರಲ್ಲಿ ಎರಡು ಮೂರು ಸಾಲು ಹೊಲಿಗೆ ಇರುತ್ತದೆ. ಸಣ್ಣ ಮಾಡುವಾಗ ಆ ಸಾಲುಗಳಿಗಿಂತ ಒಳಗೆ ಇನ್ನೊಂದು ಸಾಲು ಬರುತ್ತದೆ. ಹೊಲಿಗೆ ತೋಳಿನ ತುದಿಯಿಂದ ಹೊರಟು ಕಂಕುಳು ದಾಟಿ ಕೆಳಗಿನ ಪಟ್ಟಿಯವರೆಗೆ ಒಂದೇ ಗೆರೆಯಲ್ಲಿ ಹೋಗಬೇಕು. ಆತುರದವರು ಕಂಕುಳ ಕೆಳಗಿನಿಂದ ಮಾತ್ರ ಹೊಡೆಯುತ್ತಾರೆ. ಆಗ ಸೊಂಟ ಬಿಗಿಯಾಗಿ, ಕಂಕುಳಲ್ಲಿ ಬಟ್ಟೆ ಗುಡ್ಡೆಯಾಗಿ, ಕೈ ಎತ್ತಿದರೆ ಬ್ಲೌಸೇ ಮೇಲೆ ಬರುತ್ತದೆ.

ಎದೆಯಲ್ಲಿ ಎರಡು ಇಂಚಿನವರೆಗೆ ಪಕ್ಕ ಹಿಡಿದರೆ ಮುಗಿಯಿತು. ಅದಕ್ಕಿಂತ ಹೆಚ್ಚಾದರೆ ಟಕ್ಸ್ (ಆಕಾರ ಬರಲು ಹಾಕುವ ಮೊನೆಯಾದ ಮಡಿಕೆ ಹೊಲಿಗೆ) ಬಿಚ್ಚಲೇಬೇಕು, ಏಕೆಂದರೆ ಪಕ್ಕದಿಂದಲೇ ಎಳೆದಾಗ ಟಕ್ಸಿನ ಮೊನೆಗಳು ಪಕ್ಕಕ್ಕೆ ಸರಿದು ಎದೆಯ ಮಧ್ಯಕ್ಕೆ ಬದಲು ಕಂಕುಳ ಕಡೆ ನೋಡುತ್ತವೆ. ತೂಕ ಇಳಿದಾಗ ಎದೆ ಸ್ವಲ್ಪ ಕೆಳಗೂ ಇಳಿದಿರುತ್ತದೆ. ಹಾಗಾಗಿ ಭುಜದಿಂದ ಟಕ್ಸ್ ಮೊನೆಯವರೆಗಿನ ಅಳತೆಯನ್ನು ಹೊಸದಾಗಿ ಕೊಡಬೇಕು. ಈ ಒಂದು ಅಳತೆ ಬಿಟ್ಟುಹೋದರೆ ಉಳಿದದ್ದೆಲ್ಲ ಸರಿಯಿದ್ದೂ ಬ್ಲೌಸ್ ಕೂರುವುದಿಲ್ಲ. ಕಟೋರಿ (ಎದೆಗೆ ಬಟ್ಟಲಿನಂಥ ಬೇರೆ ತುಂಡು ಜೋಡಿಸಿದ) ಮತ್ತು ಪ್ರಿನ್ಸೆಸ್ ಕಟ್ (ಎದೆಯ ಮೇಲೆ ಹಾದು ಕೆಳಗಿನವರೆಗೆ ಉದ್ದ ಹೊಲಿಗೆ ಇರುವ) ಬ್ಲೌಸಿನಲ್ಲಿ ಮುಂಭಾಗದ ಜೋಡು ಹೊಲಿಗೆಯಲ್ಲೂ ಸ್ವಲ್ಪ ಹಿಡಿಯಬಹುದು. ಪ್ರಿನ್ಸೆಸ್ ಕಟ್ ಇದರಲ್ಲಿ ಸುಲಭ, ಕಟೋರಿ ಕಷ್ಟ.

ಕುತ್ತಿಗೆ ಅಗಲವಾಗಿ ಭುಜ ಜಾರುತ್ತಿದ್ದರೆ ಭುಜದ ಹೊಲಿಗೆಯಲ್ಲಿ ಕಾಲು ಇಂಚು ಹಿಡಿಸಿ. ಕುತ್ತಿಗೆ ಮೇಲೇರುತ್ತದೆ, ಜೊತೆಗೆ ಕಂಕುಳ ಗುಂಡೂ ಬಿಗಿಯಾಗುತ್ತದೆ, ಆದ್ದರಿಂದ ಅರ್ಧ ಇಂಚು ದಾಟಬೇಡಿ. ಅಷ್ಟಕ್ಕೂ ನಿಲ್ಲದಿದ್ದರೆ ಬೆನ್ನ ಮೇಲೆ ಕಟ್ಟುವ ಒಂದು ಡೋರಿ (ದಾರ) ಹಾಕಿಸಿದರೆ ಆಯಿತು.

ಎದೆ 42ರಿಂದ 36ಕ್ಕೆ ಇಳಿದವರು ಹಿಡಿಸುವ ಗೋಜಿಗೆ ಹೋಗಬಾರದು. ಬ್ಲೌಸನ್ನು ಪೂರ್ತಿ ಬಿಚ್ಚಿಸಿ, ಇಸ್ತ್ರಿ ಮಾಡಿಸಿ, ಹೊಸ ಅಳತೆಗೆ ಮತ್ತೆ ಕತ್ತರಿಸಿ ಹೊಲಿಸಬೇಕು. ದೊಡ್ಡ ಬ್ಲೌಸಿನಿಂದ ಚಿಕ್ಕದು ಬರುತ್ತದೆ, ಕೂಲಿ ಹೊಸ ಬ್ಲೌಸಿನಷ್ಟೇ ಅಥವಾ ತುಸು ಹೆಚ್ಚೇ ಆಗುತ್ತದೆ. ರೇಷ್ಮೆ ಸೀರೆಯ ಜೊತೆ ಬಂದ ಬ್ಲೌಸ್ ಪೀಸಿಗೆ ಇದು ಸಲ್ಲುತ್ತದೆ, ಸಾದಾ ಕಾಟನ್ ಬ್ಲೌಸಿಗೆ ಸಲ್ಲದು.

ಆರಿ ವರ್ಕ್ ಇರುವ ಬ್ಲೌಸ್?

ಎಚ್ಚರಿಕೆ ಬೇಕು. ಆರಿ ಎಂದರೆ ಕೊಕ್ಕೆ ಸೂಜಿಯಲ್ಲಿ ಹಾಕುವ ಕಸೂತಿ. ಅದರ ಸರಪಳಿ ಹೊಲಿಗೆ ಒಂದು ಕಡೆ ಕತ್ತರಿಸಿದರೆ ಸ್ವೆಟರಿನ ನೂಲಿನ ಹಾಗೆ ಉದ್ದಕ್ಕೂ ಬಿಚ್ಚಿಕೊಂಡು ಬರುತ್ತದೆ. ಹೊಸ ಹೊಲಿಗೆ ಬೀಳುವ ಗೆರೆಯ ಅಕ್ಕಪಕ್ಕ ಕಾಲು ಇಂಚಿನಷ್ಟು ಮಣಿಗಳನ್ನು ಒಡೆದು ತೆಗೆಯಬೇಕು, ಇಲ್ಲದಿದ್ದರೆ ಸೂಜಿ ಮುರಿಯುತ್ತದೆ. ಆಮೇಲೆ ಆ ಜಾಗದ ದಾರದ ತುದಿಗಳನ್ನು ಹಿಂದೆ ಗಂಟು ಹಾಕಿ, ಒಂದು ಸಾಲು ಮಷೀನ್ ಹೊಡೆದು, ಅದಾದ ಮೇಲೆಯೇ ಹಿಡಿಯಬೇಕು. ವರ್ಕ್ ಪಕ್ಕದ ಹೊಲಿಗೆಯವರೆಗೂ ಬಂದಿದ್ದರೆ ಅದನ್ನು ಹಾಕಿದವರ ಹತ್ತಿರವೇ ಒಯ್ಯಿರಿ. ತೋಳಿನ ಮೇಲೆ ಮಾತ್ರ ವರ್ಕ್ ಇದ್ದರೆ ಚಿಂತೆಯಿಲ್ಲ, ತೋಳಿನ ಒಳಭಾಗದಲ್ಲಿ ಹಿಡಿದರಾಯಿತು.

ಅಳತೆ ಬ್ಲೌಸ್ ಯಾವುದನ್ನು ಕೊಡಲಿ?

ಹಳೆಯದನ್ನು ಕೊಡಬೇಡಿ! ಚಿಕ್ಕ ಮಾತಾದರೂ ನಷ್ಟ ದೊಡ್ಡದು. ಟೈಲರ್ ಅಂಗಡಿಯ ಪುಸ್ತಕದಲ್ಲಿರುವುದು ಎರಡು ವರ್ಷದ ಹಿಂದಿನ ಅಳತೆ, ಮನೆಯಿಂದ ಕಳಿಸುವ ಅಳತೆ ಬ್ಲೌಸ್ ಇನ್ನೂ ಹಳೆಯದು. ಹೊಸ ಸೀರೆಯ ಬ್ಲೌಸ್ ಕೂಡ ಹಳೇ ಮೈಗೇ ಹೊಲಿದು ಬರುತ್ತದೆ. ಮೊದಲು ಒಂದು ಸಾದಾ ಕಾಟನ್ ಬ್ಲೌಸನ್ನು ಮೈಯಳತೆ ಕೊಟ್ಟು ಹೊಲಿಸಿ, ಎರಡು ಸಲ ಒಗೆದು ತೊಟ್ಟು ನೋಡಿ, ಅದು ಸರಿಯಾದ ಮೇಲೆ ಅದನ್ನೇ ಅಳತೆ ಬ್ಲೌಸ್ ಮಾಡಿಕೊಳ್ಳಿ. ಹಳೆಯ ಅಳತೆ ಬ್ಲೌಸಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಇಲ್ಲವೇ ಮನೆಯಿಂದಲೇ ಹೊರಗೆ ಹಾಕಿ.

ಸೀರೆಗೆ ಏನಾದರೂ ಮಾಡಬೇಕೇ?

ಏನೂ ಬೇಡ. ಸೊಂಟ ಆರು ಇಂಚು ಇಳಿದರೆ, ಸೀರೆ ಸೊಂಟವನ್ನು ಒಂದೂವರೆ ಎರಡು ಸುತ್ತು ಬಳಸುವುದರಿಂದ ಒಂಬತ್ತರಿಂದ ಹನ್ನೆರಡು ಇಂಚು ಬಟ್ಟೆ ಹೆಚ್ಚಾಗಿ ಸಿಗುತ್ತದೆ. ಐದು ಇಂಚಿನ ಒಂದು ನೆರಿಗೆಗೆ ಹತ್ತು ಇಂಚು ಬೇಕು. ಅಂದರೆ ನೆರಿಗೆ ಒಂದು ಹೆಚ್ಚಾಗುತ್ತದೆ, ಅಷ್ಟೆ. ಲಂಗದ ಲಾಡಿ ಬಿಗಿದರೆ ಸಾಕು, ಆದರೆ ಲಂಗದ ಸುತ್ತು ವಿಪರೀತವಾಗಿದ್ದರೆ ಸೊಂಟದಲ್ಲಿ ಬಟ್ಟೆ ಸೇರಿಕೊಂಡು ಹೊಟ್ಟೆ ಇದ್ದ ಹಾಗೆಯೇ ಕಾಣಿಸುತ್ತದೆ. ಹೊಸ ಲಂಗ ಅಗ್ಗದ ಪರಿಹಾರ. ಪಂಚೆ, ಲುಂಗಿ ಉಡುವವರಿಗೆ ಇಲ್ಲಿ ಕೆಲಸವೇ ಇಲ್ಲ.

ಚೂಡಿದಾರ್, ಕುರ್ತಾ, ಅನಾರ್ಕಲಿ?

ಕುರ್ತಾದಲ್ಲಿ ತಪ್ಪಾಗುವ ಜಾಗ ಸ್ಲಿಟ್, ಅಂದರೆ ಪಕ್ಕದಲ್ಲಿ ಕೆಳಗೆ ತೆರೆದಿರುವ ಸೀಳು. ಪಕ್ಕ ಹಿಡಿದ ಹೊಲಿಗೆ ಸ್ಲಿಟ್‌ನ ಮೇಲ್ತುದಿಗೆ ಬಂದು ನಯವಾಗಿ ಸೇರಬೇಕು. ಸೊಂಟದ ಕೆಳಗೆ ಸೀಟಿನಲ್ಲೂ ಹಿಡಿಯಬೇಕಿದ್ದರೆ ಸ್ಲಿಟ್‌ನ ಮಡಿಕೆಯನ್ನು ಮೇಲಿನ ಮೂರ್ನಾಲ್ಕು ಇಂಚು ಬಿಚ್ಚಿ ಮತ್ತೆ ಮಡಿಸಿ ಹೊಲಿಯಬೇಕು. ಬಿಚ್ಚದೆ ಹೊಡೆದರೆ ಅಲ್ಲೊಂದು ಗಂಟು ಎದ್ದು ನಿಲ್ಲುತ್ತದೆ.

ಅನಾರ್ಕಲಿ ಕಲಿಗಳಿಂದ (ಮೇಲೆ ಕಿರಿದು, ಕೆಳಗೆ ಅಗಲವಾದ ಉದ್ದ ತುಂಡುಗಳಿಂದ) ಕೂಡಿದ್ದರೆ ಎರಡು ಪಕ್ಕದಲ್ಲಿ ಮಾತ್ರ ಎಳೆಯಬೇಡಿ. ಎಂಟು ಕಲಿ ಇದ್ದರೆ ಪ್ರತಿ ಹೊಲಿಗೆಯನ್ನು ಅರೆಪಾವು ಇಂಚಿನಷ್ಟು, ಅಂದರೆ ಕಾಲಿಂಚಿನ ಅರ್ಧದಷ್ಟು, ಒಳಗೆ ಸರಿಸಿದರೆ ರೌಂಡಲ್ಲಿ ಎರಡು ಇಂಚು ಹೋಗುತ್ತದೆ, ಆಕಾರವೂ ಕೆಡುವುದಿಲ್ಲ. ಕೆಲಸ ಹೆಚ್ಚು, ಕೂಲಿಯೂ ಹೆಚ್ಚು. ನೈಟಿಗೆ ದುಡ್ಡು ಹಾಕಬೇಡಿ.

ಶರ್ಟ್‌ಗಳನ್ನು ಎಷ್ಟರ ಮಟ್ಟಿಗೆ ಸಣ್ಣ ಮಾಡಬಹುದು?

ಭುಜ ಸರಿಯಿದ್ದರೆ ಪಕ್ಕದಲ್ಲಿ ಹಿಡಿದು ರೌಂಡಲ್ಲಿ ಮೂರ್ನಾಲ್ಕು ಇಂಚು ತೆಗೆಯಬಹುದು. ಅದಕ್ಕೂ ಮೇಲೆ ಬೆನ್ನಿನಲ್ಲಿ ಎರಡು ಟಕ್ಸ್ ಹಾಕಿದರೆ ಇನ್ನೆರಡು ಇಂಚು. ಶರ್ಟಿನಲ್ಲೂ ತೋಳು ಮತ್ತು ಪಕ್ಕ ಒಂದೇ ಹೊಲಿಗೆ, ಕಫ್ ಹತ್ತಿರದಿಂದ ಶುರುಮಾಡಿ ಕೆಳಗಿನ ಅಂಚಿನವರೆಗೆ ಹೊಡೆಯಬೇಕು. ಚೆಕ್ಸ್ ಮತ್ತು ಅಡ್ಡಗೆರೆಯ ಶರ್ಟಿನಲ್ಲಿ ಪಕ್ಕದ ಗೆರೆಗಳು ಹೊಂದದೆ ಹೋಗಬಹುದು, ಸಾದಾ ಬಣ್ಣದಲ್ಲಿ ಆ ಚಿಂತೆ ಇಲ್ಲ.

ಕಾಲರ್ ಸಣ್ಣದಾಗುವುದಿಲ್ಲ. ಗುಂಡಿಯನ್ನು ಕಾಲಿಂಚು ಸರಿಸಬಹುದು, ಅರ್ಧ ಇಂಚು ಸರಿಸಿದರೆ ಟೈ ಕಟ್ಟಿದಾಗ ಕಾಲರ್ ಓರೆಯಾಗುತ್ತದೆ. 42 ಸೆಂಟಿಮೀಟರ್ ಕಾಲರಿನಿಂದ 39ಕ್ಕೆ ಇಳಿದವರು ಆ ಶರ್ಟುಗಳನ್ನು ತೋಳು ಮಡಿಸಿ, ಮೇಲಿನ ಗುಂಡಿ ಬಿಟ್ಟು ತೊಡಬಹುದು, ಆಫೀಸಿಗೆ ಹೊಸದು ಬೇಕು.

ಪ್ಯಾಂಟುಗಳು?

ಪ್ಯಾಂಟೇ ಹೆಚ್ಚು ಉಳಿಯುವ ಬಟ್ಟೆ. ಹೊಲಿಸಿದ ಪ್ಯಾಂಟಿನ ಸೊಂಟಪಟ್ಟಿ ಹಿಂದೆ ನಡುವಲ್ಲಿ ಎರಡು ತುಂಡಾಗಿರುತ್ತದೆ. ಅಲ್ಲಿಂದ ಸೀಟಿನವರೆಗೆ ಒಂದೇ ಹೊಲಿಗೆ, ಒಳಗೆ ಬಟ್ಟೆಯೂ ಧಾರಾಳ. ಹಿಂದಿನ ಆ ಹೊಲಿಗೆಯಲ್ಲಿ ಎರಡು ಇಂಚು ಸಲೀಸಾಗಿ ಹಿಡಿಯಬಹುದು. ಮೂರನೇ ಇಂಚಿಗೆ ಹಿಂಜೇಬುಗಳು ಒಂದಕ್ಕೊಂದು ಹತ್ತಿರ ಬಂದು ಹಿಂದಿನಿಂದ ನೋಡಿದವರಿಗೆ ಗೊತ್ತಾಗುತ್ತದೆ. ನಾಲ್ಕು ದಾಟಿದರೆ ಪಟ್ಟಿ ಪೂರ್ತಿ ಬಿಚ್ಚಿ ಎರಡೂ ಪಕ್ಕದಲ್ಲೂ ಹಿಡಿಯಬೇಕು, ಪಕ್ಕದ ಜೇಬು ಮತ್ತೆ ಕೂರಿಸಬೇಕು. ಮಾಡುವ ಟೈಲರ್‌ಗಳಿದ್ದಾರೆ, ಒಪ್ಪಿಕೊಳ್ಳುವವರು ಕಡಿಮೆ.

ಸೊಂಟ ಹಿಡಿದಷ್ಟಕ್ಕೇ ನಿಲ್ಲಿಸಿದರೆ ಸೀಟು ಜೋಲುತ್ತದೆ. ಸೀಟು, ತೊಡೆ, ಮಂಡಿ ಮೂರನ್ನೂ ನೋಡಿಸಿ. ತೊಡೆಯನ್ನು ಒಳಗಾಲಿನ ಹೊಲಿಗೆಯಲ್ಲಿ ಹಿಡಿಯುತ್ತಾರೆ.

ಕ್ರಮವೂ ಮುಖ್ಯ. ಹೊಟ್ಟೆ ಇದ್ದಾಗ ಪ್ಯಾಂಟು ಹೊಟ್ಟೆಯ ಕೆಳಗೆ ಕೂರುತ್ತಿತ್ತು, ಈಗ ನಿಜವಾದ ಸೊಂಟಕ್ಕೆ ಏರುತ್ತದೆ, ಕಾಲಿನ ಉದ್ದ ಒಂದು ಇಂಚು ಮೇಲೆ ಹೋಗುತ್ತದೆ. ಮೊದಲು ಸೊಂಟ ಮಾಡಿಸಿ, ತೊಟ್ಟು ನೋಡಿ, ಆಮೇಲೆ ಉದ್ದದ ಮಾತು. ಎರಡನ್ನೂ ಒಂದೇ ದಿನ ಕೊಟ್ಟು ಕಣಕಾಲು ಕಾಣುವ ಪ್ಯಾಂಟು ತಂದವರು ಬಹಳ.

ಜೀನ್ಸ್?

ಜೀನ್ಸಿನ ಸೊಂಟಪಟ್ಟಿ ಒಂದೇ ತುಂಡು, ಹಿಂದೆ ಕತ್ತರಿಸಿ ಜೋಡಿಸಬೇಕು. ಪದರಗಳು ಸೇರುವ ಕಡೆ ಬಟ್ಟೆ ಎಷ್ಟು ದಪ್ಪವೆಂದರೆ ಮನೆಯ ಮಷೀನಿನ ಸಾದಾ ಸೂಜಿ ಮುರಿಯುತ್ತದೆ. 16 ಅಥವಾ 18 ನಂಬರಿನ ಸೂಜಿ, ದಪ್ಪ ದಾರ, ಚಕ್ರವನ್ನು ಕೈಯಲ್ಲೇ ತಿರುಗಿಸುವ ತಾಳ್ಮೆ ಬೇಕು. ಜೀನ್ಸ್ ಕೆಲಸವನ್ನೇ ಮಾಡುವ ಅಂಗಡಿಗೆ ಕೊಡಿ, ಹಳದಿ ದಾರದ ಜೋಡು ಹೊಲಿಗೆಯನ್ನು ಅದೇ ಬಣ್ಣದಲ್ಲಿ ಹಾಕಲು ಹೇಳಿ.

ಎರಡು ಇಂಚಿನೊಳಗಿನ ಸಡಿಲಕ್ಕೆ ಇನ್ನೊಂದು ದಾರಿಯಿದೆ. ಸೊಂಟಪಟ್ಟಿಯ ಒಳಮೈಯಲ್ಲಿ ಎರಡೂ ಪಕ್ಕದ ಹೊಲಿಗೆಯ ಹತ್ತಿರ ಒಂದೊಂದು ಸೀಳು ಕೊಯ್ದು, ಒಂದು ಇಂಚು ಅಗಲದ ಎಲಾಸ್ಟಿಕ್ಕನ್ನು ಪಿನ್ನಿನಿಂದ ಹಿಂಬದಿಗೆ ತೂರಿಸಿ, ಎಳೆದು ಎರಡೂ ತುದಿ ಹೊಲಿಯಿರಿ. ನಡುವಿನ ಲೂಪಿನ ಹೊಲಿಗೆ ಅಡ್ಡ ಬಂದರೆ ಅದನ್ನು ಮೊದಲು ಬಿಚ್ಚಿ. ಹಿಂದೆ ಸಣ್ಣ ನೆರಿಗೆ ಬರುತ್ತದೆ, ಅಂಗಿ ಮುಚ್ಚುತ್ತದೆ. ತೂಕ ಹೆಚ್ಚುಕಡಿಮೆ ಆಗುವವರಿಗೆ ಇದೇ ಒಳ್ಳೆಯದು. ಹೊಲಿಗೆಯೇ ಬೇಡದ, ಚುಚ್ಚಿ ಹಾಕುವ ಜೀನ್ಸ್ ಗುಂಡಿಯೂ ಸಿಗುತ್ತದೆ, ಗುಂಡಿ ಒಂದು ಇಂಚು ಒಳಗೆ ಬಂದರೆ ಅಂದಿನ ದಿನ ದೂಡಬಹುದು.

ಕೋಟು, ಬ್ಲೇಜರ್, ಶೇರ್ವಾನಿ?

ಒಂದು ಸೈಜು ಇಳಿದಿದ್ದರೆ ಬೆನ್ನಿನ ನಡು ಹೊಲಿಗೆ ಮತ್ತು ಪಕ್ಕಗಳಲ್ಲಿ ಎರಡು ಇಂಚು ತೆಗೆಸಿ. ಭುಜದ ಪ್ಯಾಡ್ ಆಚೆಗೆ ನಿಂತಿದ್ದರೆ ಮುಗಿಯಿತು, ಮಾರಿ ಅಥವಾ ಕೊಟ್ಟುಬಿಡಿ.

ಒಳ ಉಡುಪು?

ಮೊದಲು ಬದಲಿಸಬೇಕಾದ್ದು ಇದೇ, ಎಲ್ಲರೂ ಕೊನೆಗೆ ಬದಲಿಸುವುದೂ ಇದನ್ನೇ. ಹಳೆಯ ಬ್ರಾ ತೊಟ್ಟು ಬ್ಲೌಸಿನ ಅಳತೆ ಕೊಟ್ಟರೆ ಆ ಅಳತೆಗೆ ಅರ್ಥವಿಲ್ಲ. ಕೊನೆಯ ಕೊಕ್ಕೆಗೆ ಹಾಕಿದರೂ ಬೆನ್ನಿನ ಪಟ್ಟಿ ಮೇಲೇರುತ್ತಿದ್ದರೆ ಬ್ಯಾಂಡ್ ಸೈಜು ಇಳಿಸಿ. ಹೊಸದು ಕೊಂಡು, ಅದನ್ನು ತೊಟ್ಟೇ ಟೈಲರ್ ಹತ್ತಿರ ಹೋಗಿ. ಹಳೆಯ ಒಳ ಉಡುಪನ್ನು ದಾನಕ್ಕೆ ಸೇರಿಸಬೇಡಿ.

ಹಿಡಿಸಿದ ಮೇಲೆ ಒಳಗೆ ಉಳಿದ ಬಟ್ಟೆ ಕತ್ತರಿಸಬೇಕೇ?

ಕನಿಷ್ಠ ಒಂದು ವರ್ಷ ಕತ್ತರಿಸಬೇಡಿ. ಪಕ್ಕಕ್ಕೆ ಒಂದು ಇಂಚಿಗಿಂತ ಹೆಚ್ಚು ಸೇರಿ ಚುಚ್ಚುತ್ತಿದ್ದರೆ ಮಾತ್ರ ಸ್ವಲ್ಪ ತೆಗೆಸಿ, ಅಂಚಿನ ನೂಲು ಬಿಡದಂತೆ ಓವರ್‌ಲಾಕ್ ಮಾಡಿಸಿ. ರೇಷ್ಮೆಯಲ್ಲಿ ಒಂದು ಸೂಕ್ಷ್ಮವಿದೆ. ಸೂಜಿ ಬಿದ್ದ ತೂತು ಅದರಲ್ಲಿ ಉಳಿದುಬಿಡುತ್ತದೆ. ಸಣ್ಣ ಮಾಡಿದಾಗ ಹಳೆಯ ತೂತುಗಳು ಒಳಗೆ ಅಡಗುತ್ತವೆ, ಮುಂದೆ ಬಿಚ್ಚಿದರೆ ಹೊಸ ಹೊಲಿಗೆಯ ತೂತಿನ ಸಾಲು ಮೈಮೇಲೆ ಕಾಣುತ್ತದೆ. ಆದ್ದರಿಂದ ರೇಷ್ಮೆಯನ್ನು ಒಂದೇ ಸಲ, ಸರಿಯಾಗಿ ಹಿಡಿಸಬೇಕು.

ಟೈಲರ್ ಹತ್ತಿರ ಯಾವಾಗ ಹೋಗಬೇಕು, ಏನು ಹೇಳಬೇಕು?

ಆಷಾಢದಲ್ಲಿ ಹೋಗಿ. ಮದುವೆಗಳಿಲ್ಲದ ತಿಂಗಳು, ಟೈಲರ್ ಕೈ ಖಾಲಿ. ಯುಗಾದಿ, ಗೌರಿ ಹಬ್ಬ, ದೀಪಾವಳಿಯ ಹಿಂದುಮುಂದು ಅಥವಾ ಮದುವೆ ಕಾಲದಲ್ಲಿ ಆಲ್ಟರೇಷನ್ ತೆಗೆದುಕೊಂಡು ಹೋದರೆ "ಆಮೇಲೆ ನೋಡೋಣ" ಎನ್ನುತ್ತಾರೆ, ಅಥವಾ ತೆಗೆದುಕೊಂಡು ಮೂಲೆಗೆ ಹಾಕುತ್ತಾರೆ. ಹೊಸದು ಹೊಲಿಯುವುದಕ್ಕಿಂತ ಬಿಚ್ಚಿ ಹೊಲಿಯುವುದು ರಗಳೆ, ಅದಕ್ಕೆ ತಕ್ಕ ಕೂಲಿ ಕೇಳಿದರೆ ಚೌಕಾಸಿ ಮಾಡಬೇಡಿ.

ಒಗೆದು ಒಯ್ಯಿರಿ, ಕುಗ್ಗುವುದಿದ್ದರೆ ಕುಗ್ಗಿರಲಿ. ಬಟ್ಟೆಯನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ ತೊಟ್ಟು, ಹಿಡಿಯಬೇಕಾದ ಕಡೆ ಪಿನ್ನು ಚುಚ್ಚಿಸಿ, ಪಿನ್ನಿನೊಂದಿಗೇ ಕೂತು, ಬಗ್ಗಿ, ಕೈ ಎತ್ತಿ ನೋಡಿ. ಹತ್ತು ಬಟ್ಟೆ ಇದ್ದರೆ ಮೊದಲ ದಿನ ಒಂದನ್ನು ಮಾತ್ರ ಕೊಡಿ. ಅದು ಸರಿಯಾಗಿ ಬಂದರೆ ಉಳಿದ ಒಂಬತ್ತು.

ಮತ್ತೆ ದಪ್ಪಗಾದರೆ? ಒಂದಿಷ್ಟು ಹಳೆಯ ಬಟ್ಟೆ ಇಟ್ಟುಕೊಳ್ಳಲೇ?

ಇಟ್ಟುಕೊಳ್ಳಿ, ಆದರೆ ಎಣಿಸಿ. ಒಂದು ಮನೆಗೆ, ಒಂದು ಹೊರಗೆ, ಒಂದು ಸಮಾರಂಭಕ್ಕೆ, ಮೂರು ಜೊತೆ. ಬೀರು ತುಂಬ ಇಟ್ಟುಕೊಂಡರೆ ನಾಲ್ಕು ಕಿಲೋ ಏರಿದ್ದು ಗೊತ್ತೇ ಆಗುವುದಿಲ್ಲ, ದೊಡ್ಡ ಅಂಗಿ ಸುಮ್ಮನೆ ಒಪ್ಪಿಕೊಂಡುಬಿಡುತ್ತದೆ. ಸೊಂಟ ಬಿಗಿಯಾದ ಪ್ಯಾಂಟು ತೂಕದ ಯಂತ್ರಕ್ಕಿಂತ ಮೊದಲು ಹೇಳುತ್ತದೆ. ತೂಕ ಇಳಿಸುವ ಇಂಜೆಕ್ಷನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿರುವವರು ಸ್ವಲ್ಪ ಹೆಚ್ಚೇ ಉಳಿಸಿಕೊಳ್ಳಬಹುದು, ಔಷಧ ನಿಲ್ಲಿಸಿದ ಮೇಲೆ ತೂಕ ಮರಳುವುದು ಸಾಮಾನ್ಯ.

ಧಾರೆ ಸೀರೆಯ ಬ್ಲೌಸ್, ತೀರಿಕೊಂಡ ಹಿರಿಯರು ಕೊಡಿಸಿದ್ದು, ಇಂಥವು ಈ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಹಿಡಿಸುವುದೂ ಬೇಡ. ಸೀರೆ ಉಡಲು ಹೊಂದುವ ಬಣ್ಣದ ಹೊಸ ಬ್ಲೌಸ್ ಹೊಲಿಸಿ, ಹಳೆಯದನ್ನು ಹಾಗೆಯೇ ಇಡಿ.

ಇಟ್ಟುಕೊಂಡದ್ದನ್ನು ಕೆಡದಂತೆ ಇಡುವುದು ಹೇಗೆ?

ಒಗೆದು, ಗಂಜಿ ಪೂರ್ತಿ ಬಿಡಿಸಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ. ಗಂಜಿಯ ಪಿಷ್ಟ ಬೆಳ್ಳಿಹುಳುವಿಗೆ ಊಟ. ರೇಷ್ಮೆಯನ್ನು ನೆರಳಲ್ಲಿ ಆರಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಜರಿ ಮಡಿಕೆಯಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ, ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಗಿಡಿ. ಕರಾವಳಿ, ಮಲೆನಾಡಿನವರು ಮಳೆಗಾಲ ಶುರುವಾಗುವ ಮುನ್ನವೇ ಈ ಕೆಲಸ ಮುಗಿಸಬೇಕು, ಆಮೇಲೆ ಒಣಗಿದ ಬಟ್ಟೆಯೂ ಬೂಷ್ಟು ಹಿಡಿಯುತ್ತದೆ.

ಯಾರಿಗೆ ಕೊಡಬಹುದು?

ನೆಂಟರಲ್ಲಿ ಕೊಡುವಾಗ ಮಾತು ನೋಡಿಕೊಂಡು ಆಡಿ. "ನಿನಗೆ ಸರಿಯಾಗುತ್ತೆ ನೋಡು" ಎಂದರೆ ಬಟ್ಟೆಯೂ ಹೋಯಿತು, ನೆಂಟಸ್ತನವೂ ಹೋಯಿತು. ಮನೆಕೆಲಸಕ್ಕೆ ಬರುವವರಿಗೆ ಮೊದಲು ಕೇಳಿ, ಆರಿಸಿಕೊಳ್ಳಲು ಬಿಡಿ, ಬೇಡವೆಂದರೆ ಒತ್ತಾಯಿಸಬೇಡಿ.

ಸಂಸ್ಥೆಗಳಲ್ಲಿ ಅಂಶು ಗುಪ್ತಾ 1999ರಲ್ಲಿ ಶುರುಮಾಡಿದ ಗೂಂಜ್ ಹೆಸರಾದದ್ದು. ಊರಿನ ಬಾವಿ, ದಾರಿ ಮುಂತಾದ ಕೆಲಸ ಮಾಡಿದವರಿಗೆ ಬಟ್ಟೆಯನ್ನು ಕೂಲಿಯಂತೆ ಕೊಡುವುದು ಅವರ ಪದ್ಧತಿ, ಭಿಕ್ಷೆಯಂತಲ್ಲ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಿಮ್ಮ ಊರಿನ ವೃದ್ಧಾಶ್ರಮಕ್ಕೂ ಕೊಡಬಹುದು, ಅಲ್ಲಿ ಮುಂದೆ ಗುಂಡಿಯಿರುವ ನೈಟಿ, ಲಾಡಿಯ ಪ್ಯಾಂಟು, ಸ್ವೆಟರ್ ಬೇಕಾಗುತ್ತದೆ, ಬ್ಲೇಜರ್ ಅಲ್ಲ. ನೆರೆ ಬಂದಾಗ ಲಾರಿಗಟ್ಟಲೆ ಬಟ್ಟೆ ಕಳಿಸುವ ಮೊದಲು ಅಲ್ಲಿಯವರು ಏನು ಕೇಳಿದ್ದಾರೆ ನೋಡಿ.

ಕೊಡುವ ಬಟ್ಟೆ ಒಗೆದಿರಲಿ, ಗುಂಡಿ, ಜಿಪ್ ಸರಿಯಿರಲಿ. ಜೊತೆಗಳನ್ನು ದಾರದಲ್ಲಿ ಕಟ್ಟಿ, "ಸೊಂಟ 40, ಉದ್ದ 41" ಎಂದು ಚೀಟಿ ಪಿನ್ನು ಮಾಡಿ. ಕಂಪನಿಯ ಸೈಜು ಬರೆಯಬೇಡಿ, ಒಂದೊಂದು ಕಂಪನಿಯ 40 ಒಂದೊಂದು ಥರ. ದೊಡ್ಡ ಅಳತೆಯ ಒಳ್ಳೆಯ ಬಟ್ಟೆ ಹುಡುಕುವವರಿಗೆ ಆ ಚೀಟಿಯೇ ದಾರಿ.

ಪಾತ್ರೆಯವರಿಗೆ ಹಾಕುವುದು ಲಾಭವೇ? ಮಾರಬಹುದೇ?

ಬೀದಿಯಲ್ಲಿ "ಹಳೇ ಬಟ್ಟೆಗೆ ಪಾತ್ರೆ" ಎಂದು ಬರುವವರು ಮೊದಲು ನೋಡುವುದು ಪ್ಯಾಂಟು ಮತ್ತು ಜರಿ ಸೀರೆ. ಒಂದು ಸ್ಟೀಲ್ ಡಬ್ಬಿಗೆ ಅವರು ಕೇಳುವ ರಾಶಿ ನೋಡಿದರೆ ನಷ್ಟ ಅನ್ನಿಸಬಹುದು, ಆದರೆ ಆ ಬಟ್ಟೆ ರಿಪೇರಿಯಾಗಿ ಸಂತೆಯಲ್ಲಿ ಮತ್ತೆ ಯಾರದೋ ಮೈ ಸೇರುತ್ತದೆ. ದಿನಬಳಕೆಯ ಬಟ್ಟೆಗೆ ಇದು ಒಳ್ಳೆಯ ದಾರಿಯೇ. ಜರಿ ಸೀರೆಯನ್ನು ಮಾತ್ರ ಡಬ್ಬಿಗೆ ಹಾಕಬೇಡಿ. ನಿಜವಾದ ಜರಿಯಲ್ಲಿ ಬೆಳ್ಳಿ ಇರುತ್ತದೆ, ಅದನ್ನು ತೂಕಕ್ಕೆ ಕೊಳ್ಳುವ ಅಂಗಡಿಗಳು ಬೇರೆ ಇವೆ. ಎರಡು ಕಡೆ ಬೆಲೆ ಕೇಳಿ.

ಆನ್‌ಲೈನಿನಲ್ಲಿ ಮಾರಾಟವಾಗುವುದು ಒಂದೆರಡು ಸಲ ತೊಟ್ಟ ಲೆಹೆಂಗಾ, ಬ್ಲೇಜರ್, ಒಳ್ಳೆಯ ಕಂಪನಿಯ ಜೀನ್ಸ್ ಮಾತ್ರ. ಅಳತೆ ಟೇಪು ಇಟ್ಟು ಫೋಟೋ ತೆಗೆಯಿರಿ, ಕಲೆ ಇದ್ದರೆ ಹತ್ತಿರದಿಂದ ತೋರಿಸಿ. ಒಂದು ತಿಂಗಳಲ್ಲಿ ಹೋಗದಿದ್ದರೆ ದಾನದ ರಾಶಿಗೆ.

ಯಾರಿಗೂ ಕೊಡಲಾಗದ, ಸವೆದ ಬಟ್ಟೆ?

ಹತ್ತಿ ಬಟ್ಟೆಯಾದರೆ ಕೌದಿ. ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯುವ ಅಜ್ಜಿಯರು ಇನ್ನೂ ಸಿಗುತ್ತಾರೆ, ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ಹೊರದೇಶಗಳವರೆಗೂ ಹೆಸರಾಗಿವೆ. ಒಳಪದರಕ್ಕೆ ಮೆತ್ತಗಾದ ಹಳೆಯ ಕಾಟನ್ ಸೀರೆ, ಮೇಲೆ ಅಂಗಿ, ಕುರ್ತಾಗಳ ತುಂಡುಗಳು. ದೊಡ್ಡ ಸೈಜಿನ ಅಂಗಿಯ ಬೆನ್ನಿನಲ್ಲಿ ದೊಡ್ಡ ತುಂಡು ಸಿಗುತ್ತದೆ, ಇಲ್ಲಿ ಅದೇ ಲಾಭ. ಗುಂಡಿ, ಜಿಪ್, ಕಾಲರಿನ ಕ್ಯಾನ್ವಾಸ್ ಮೊದಲೇ ಕತ್ತರಿಸಿ ತೆಗೆಯಿರಿ. ಪಾಲಿಯೆಸ್ಟರ್ ಬೆರೆಸಬೇಡಿ, ಬೇಸಿಗೆಯಲ್ಲಿ ಬೆವರು, ಒಗೆದಾಗ ಒಂದು ಕುಗ್ಗಿ ಇನ್ನೊಂದು ಕುಗ್ಗದೆ ಸುಕ್ಕು. ಜೀನ್ಸ್ ಕೂಡ ಬೇಡ, ಕೈಸೂಜಿ ಹೋಗುವುದಿಲ್ಲ, ಅದು ಚೀಲಕ್ಕೆ ಒಳ್ಳೆಯದು. ಟೀ ಶರ್ಟು ನೆಲ ಒರೆಸಲು. ಸವೆದ ಉಣ್ಣೆ ಸ್ವೆಟರುಗಳನ್ನು ಗುಜರಿಗೆ ಹಾಕಿದರೆ ಕಂಬಳಿಯಾಗಿ ಬರಬಹುದು, ಹರಿಯಾಣದ ಪಾಣಿಪತ್ ಇಂಥ ಉಣ್ಣೆಯನ್ನು ಬಿಡಿಸಿ ಮತ್ತೆ ನೂಲುವ ಊರು.

ಬಟ್ಟೆಯಲ್ಲ, ಆದರೂ ಕೇಳುತ್ತೇವೆ: ಉಂಗುರ, ಬಳೆ?

ಉಂಗುರ ಜಾರಿ ಕಳೆಯುವುದು ಸೋಪಿನ ಕೈಯಲ್ಲಿ, ಅದೂ ತಣ್ಣೀರಿನಲ್ಲಿ ಬೆರಳು ಇನ್ನಷ್ಟು ಸಣ್ಣಗಾದಾಗ. ತೂಕ ನಿಲ್ಲುವವರೆಗೆ ಒಳಬದಿಗೆ ದಾರ ಸುತ್ತಿ ಅಥವಾ ತೆಗೆದಿಡಿ, ಆಮೇಲೆ ಅಕ್ಕಸಾಲಿಗರ ಹತ್ತಿರ ಕತ್ತರಿಸಿ ಬೆಸೆಸಿ. ಸುತ್ತಲೂ ಹರಳಿರುವ ಉಂಗುರ ಸಣ್ಣದಾಗುವುದಿಲ್ಲ. ಬಳೆ ಹೆಚ್ಚಾಗಿ ಹಳೆಯ ಅಳತೆಯದ್ದೇ ಆಗುತ್ತದೆ, ಏಕೆಂದರೆ ಅದು ದಾಟಬೇಕಾದ್ದು ಕೈಯ ಗೆಣ್ಣು, ಗೆಣ್ಣಿನ ಮೂಳೆ ಇಳಿಯುವುದಿಲ್ಲ. ಎರಡು-ಎಂಟು ಹಾಕುತ್ತಿದ್ದವರು ಎರಡು-ಆರಕ್ಕೆ ಬರಬಹುದು, ಎರಡು-ನಾಲ್ಕು ಕೊಳ್ಳುವ ಮೊದಲು ಅಂಗಡಿಯಲ್ಲೇ ತೊಟ್ಟು ನೋಡಿ.